ನ್ಯಾವಿಗೇಶನ್ ಪ್ಯಾನೆಲ್‌ನ ಬೇಡದ ನೆರಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಆಯ್ದ ಪ್ರಶ್ನೆಗಳೆಲ್ಲ ಒಂದೇ ತಕರಾರಿನ ಸುತ್ತ ಇವೆ. ಡೆಸ್ಕ್‌ಟಾಪ್ ಅಪ್ಲಿಕೇಶನ್‌ನ ಪಕ್ಕದ ಪ್ಯಾನೆಲ್‌ಗೆ ಯಾರೂ ಕೇಳದ ನೆರಳು ಬಂದು ಕೂರುತ್ತದೆ, ತೆಗೆಯಲು ಹೋದರೆ ಹೋಗುವುದಿಲ್ಲ. ಹೋಗದಿರಲು ಹೆಚ್ಚಾಗಿ ಕಾರಣ ಒಂದೇ: ತೆಗೆಯುತ್ತಿರುವುದು ಒಂದು, ಕಣ್ಣಿಗೆ ಕಾಣುತ್ತಿರುವುದು ಇನ್ನೊಂದು. ಪ್ಯಾನೆಲ್ ಪುಟದ ಮೇಲೆ ಹಾಯ್ದಾಗ ಬೀಳುವ ನಿಜವಾದ ನೆರಳು, ಹಿಂದಿನ ಪುಟವನ್ನು ಮಂಕಾಗಿಸುವ ಪರದೆ, ಅಂಚಿನ ಒಂದು ಪಿಕ್ಸೆಲ್ ಗೆರೆ, ಪಟ್ಟಿ ಸ್ಕ್ರಾಲ್ ಆದಾಗ ಮೇಲ್ತುದಿಯಲ್ಲಿ ಮೂಡುವ ಮಬ್ಬು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಕೆಳಗೆ ಬರುವ ವಿನ್‌ಯುಐ, ಡಬ್ಲ್ಯುಪಿಎಫ್, ಕ್ಯೂಟಿ, ಫ್ಲಟರ್, ಎಲೆಕ್ಟ್ರಾನ್, ಎಮ್‌ಯುಐ, ಲಿಬ್‌ಅಡ್ವೈಟಾ ಇವೆಲ್ಲ ಅಪ್ಲಿಕೇಶನ್ ಅಥವಾ ಅದರ ಇಂಟರ್‌ಫೇಸ್ ಕಟ್ಟುವ ಸಲಕರಣೆಗಳು. ಗುಣಲಕ್ಷಣಗಳ (ಪ್ರಾಪರ್ಟಿ) ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಕೋಡಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು.

ಪ್ರಶ್ನೆ: ವಿನ್‌ಯುಐನ ನ್ಯಾವಿಗೇಶನ್‌ವ್ಯೂ ಬಳಸಿ ಲೆಕ್ಕಪತ್ರದ ಅಪ್ಲಿಕೇಶನ್ ಮಾಡಿದ್ದೇನೆ. ನನ್ನ ಯಂತ್ರದಲ್ಲಿ ಪೇನ್ (ಪಕ್ಕದ ಪ್ಯಾನೆಲ್) ಸಪಾಟಾಗಿ ಕಾಣುತ್ತದೆ. ಗ್ರಾಹಕರ ಲ್ಯಾಪ್‌ಟಾಪ್‌ನಲ್ಲಿ ಮೆನು ತೆರೆದರೆ ಬಲ ಅಂಚಿಗೆ ದಪ್ಪ ನೆರಳು. ಕೋಡ್ ಒಂದೇ, ಹೀಗೇಕೆ? ತೆಗೆಯುವುದು ಹೇಗೆ?
(ಹುಬ್ಬಳ್ಳಿಯ ಓದುಗರು)

ಉತ್ತರ: ವ್ಯತ್ಯಾಸ ಕೋಡಿನದಲ್ಲ, ವಿಂಡೋದ ಅಗಲದ್ದು. ಪೇನ್‌ಡಿಸ್‌ಪ್ಲೇಮೋಡ್ ಅನ್ನು ನೀವು ಮುಟ್ಟದಿದ್ದರೆ ಅದು 'ಆಟೋ' ಆಗಿರುತ್ತದೆ. ಆಗ ವಿಂಡೋ 1008 ಪಿಕ್ಸೆಲ್ ಅಥವಾ ಅದಕ್ಕಿಂತ ಅಗಲವಿದ್ದರೆ ಪೇನ್ ಪುಟದ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂರುತ್ತದೆ, ನೆರಳಿಲ್ಲ. 641ರಿಂದ 1007ರವರೆಗೆ 48 ಪಿಕ್ಸೆಲ್ ಅಗಲದ ಐಕಾನ್ ಪಟ್ಟಿಯಾಗಿ ಕುಗ್ಗುತ್ತದೆ. ಮೆನು ಗುಂಡಿ ಒತ್ತಿದಾಗ 320 ಪಿಕ್ಸೆಲ್‌ಗೆ ಹಿಗ್ಗಿ ಪುಟದ ಮೇಲೆಯೇ ಹಾಯುತ್ತದೆ, ನೆರಳು ಬೀಳುವುದು ಇಲ್ಲಿ. 641ಕ್ಕಿಂತ ಕಡಿಮೆಯಾದರೆ ಐಕಾನ್ ಪಟ್ಟಿಯೂ ಮಾಯ, ಗುಂಡಿ ಮಾತ್ರ ಉಳಿಯುತ್ತದೆ. ಅಲ್ಲೂ ತೆರೆದ ಪೇನ್ ಪುಟದ ಮೇಲೆ ಹಾಯುವುದೇ.

ಈ ಅಂಕಿಗಳು ಪರದೆಯ ನಿಜ ಪಿಕ್ಸೆಲ್‌ಗಳಲ್ಲ, ಸ್ಕೇಲಿಂಗ್ ಕಳೆದ ಮೇಲಿನವು. 1920 ಪಿಕ್ಸೆಲ್ ಅಗಲದ ಪರದೆಗೆ 200% ಸ್ಕೇಲ್ ಇಟ್ಟರೆ ಅಪ್ಲಿಕೇಶನ್‌ಗೆ ಸಿಗುವುದು 960 ಮಾತ್ರ. ವಿಂಡೋವನ್ನು ಪೂರ್ತಿ ಹಿಗ್ಗಿಸಿದರೂ 1008 ಮುಟ್ಟುವುದಿಲ್ಲ. ಗ್ರಾಹಕರ ಯಂತ್ರದಲ್ಲಿ ಆಗಿರುವುದು ಬಹುಶಃ ಇದೇ. ನಿಮ್ಮ ವಿಂಡೋವನ್ನು ಕಿರಿದು ಮಾಡಿ ನೋಡಿ, ನಿಮ್ಮಲ್ಲೂ ನೆರಳು ಬರುತ್ತದೆ.

ಮೊದಲು ಸುಲಭದ ದಾರಿ. ಪೇನ್ ಪುಟದ ಮೇಲೆ ಹಾಯದೆ ಯಾವಾಗಲೂ ಪಕ್ಕದಲ್ಲೇ ಇರಲಿ ಎಂದಾದರೆ ಪೇನ್‌ಡಿಸ್‌ಪ್ಲೇಮೋಡ್‌ಗೆ 'ಲೆಫ್ಟ್' ಕೊಡಿ. ಇಲ್ಲವೇ ಎಕ್ಸ್‌ಪ್ಯಾಂಡೆಡ್‌ಮೋಡ್‌ತ್ರೆಶೋಲ್ಡ್‌ವಿಡ್ತ್ ಅನ್ನು 1008ರಿಂದ 800ಕ್ಕೆ ಇಳಿಸಿ. 320 ಪೇನ್‌ಗೆ ಹೋದರೂ ಪುಟಕ್ಕೆ 480 ಉಳಿಯುತ್ತದೆ. ಲೆಕ್ಕಪತ್ರದ ಕೋಷ್ಟಕಕ್ಕೆ ಅದು ಸಾಲದಿದ್ದರೆ ಓಪನ್‌ಪೇನ್‌ಲೆಂತ್ ಅನ್ನು 240 ಮಾಡಿ. ಕನ್ನಡದ ಮೆನು ಹೆಸರುಗಳು ಉದ್ದವಿರುತ್ತವೆ, ಅದಕ್ಕಿಂತ ಕೆಳಗೆ ಇಳಿಸಿದರೆ ಕೊನೆಯ ಅಕ್ಷರಗಳು ಕತ್ತರಿಸಿಹೋಗಬಹುದು.

ಪೇನ್ ಮೇಲೆಯೇ ಹಾಯಲಿ, ನೆರಳು ಮಾತ್ರ ಬೇಡ ಎಂದಾದರೆ ಸ್ವಲ್ಪ ಕೆಲಸವಿದೆ. ಇದಕ್ಕೆಂದೇ ಒಂದು ಗುಣಲಕ್ಷಣ ನ್ಯಾವಿಗೇಶನ್‌ವ್ಯೂನಲ್ಲಿ ಇಲ್ಲ. ನೆರಳನ್ನು ಬೀಳಿಸುವುದು ಥೀಮ್‌ಶ್ಯಾಡೋ. ಅದು ಟೆಂಪ್ಲೇಟ್‌ನ ಒಳಗಿನ ಒಂದು ಭಾಗದ 'ಶ್ಯಾಡೋ' ಗುಣಲಕ್ಷಣಕ್ಕೆ ಅಂಟಿಕೊಂಡಿರುತ್ತದೆ. ಆ ಭಾಗ ಹಳೆಯ ಆವೃತ್ತಿಗಳಲ್ಲಿ ರೂಟ್‌ಸ್ಪ್ಲಿಟ್‌ವ್ಯೂನ ಪೇನ್, ಹೊಸ ಟೆಂಪ್ಲೇಟ್‌ಗಳಲ್ಲಿ ಶ್ಯಾಡೋಕಾಸ್ಟರ್ ಎಂಬ ಗ್ರಿಡ್. ಹೆಸರು ಮುಂದೆಯೂ ಬದಲಾಗಬಹುದಾದ್ದರಿಂದ ಹೆಸರನ್ನು ನಂಬಿ ಕೋಡ್ ಬರೆಯಬೇಡಿ. 'ಲೋಡೆಡ್' ಘಟನೆಯಲ್ಲಿ ವಿಶುಅಲ್‌ಟ್ರೀಹೆಲ್ಪರ್ ಹಿಡಿದು ನ್ಯಾವಿಗೇಶನ್‌ವ್ಯೂನ ಒಳಗೆ ಇಳಿಯಿರಿ. ಶ್ಯಾಡೋ ಬೆಲೆ ನಲ್ (ಖಾಲಿ) ಅಲ್ಲದ ಭಾಗ ಸಿಕ್ಕಲ್ಲಿ ಅದನ್ನು ನಲ್ ಮಾಡಿ. ಪುಟದ ಕಡೆಗೆ ಮಾತ್ರ ಇಳಿಯಬೇಡಿ, ಅಲ್ಲಿ ನೀವೇ ಬೇಕೆಂದು ಹಾಕಿದ ಕಾರ್ಡ್‌ಗಳ ನೆರಳೂ ಹೋಗಿಬಿಡುತ್ತದೆ. ಇದೇ ಫಂಕ್ಷನ್ನನ್ನು ಪೇನ್‌ಓಪನಿಂಗ್ ಘಟನೆಯಲ್ಲೂ ಒಮ್ಮೆ ಕರೆದರೆ ಭದ್ರ.

ಹಲವರು ಮಾಡಿ ಕೈಸುಟ್ಟುಕೊಳ್ಳುವ ಪ್ರಯೋಗವೊಂದಿದೆ. ನೆರಳಿನ ಎತ್ತರ ನಿರ್ಧಾರವಾಗುವುದು ಟ್ರಾನ್ಸ್‌ಲೇಶನ್‌ನ ಝಡ್ ಬೆಲೆಯಿಂದ ಎಂದು ಓದಿ, ಅದನ್ನು ಸೊನ್ನೆ ಮಾಡುತ್ತಾರೆ. ಒಮ್ಮೆ ನೆರಳು ಹೋದಂತೆ ಕಾಣುತ್ತದೆ, ಪೇನ್ ಮುಚ್ಚಿ ತೆರೆದರೆ ಮತ್ತೆ ಹಾಜರ್. ಪೇನ್ ಪುಟದ ಮೇಲೆ ತೆರೆದುಕೊಳ್ಳುವಾಗಲೆಲ್ಲ ನ್ಯಾವಿಗೇಶನ್‌ವ್ಯೂ ತಾನೇ ಝಡ್‌ಗೆ 32 ಬರೆಯುತ್ತದೆ, ಮುಚ್ಚುವಾಗ ಸೊನ್ನೆ. ನೀವು ಬರೆದದ್ದು ಉಳಿಯುವುದಿಲ್ಲ. ಶ್ಯಾಡೋವನ್ನೇ ಕಳಚಿದರೆ ಝಡ್ ಎಷ್ಟಿದ್ದರೂ ಬೀಳಲು ನೆರಳಿರುವುದಿಲ್ಲ.

ನೆರಳು ಹೋದ ಮೇಲೂ ಪುಟದ ಎಡ ಮತ್ತು ಮೇಲಿನ ಅಂಚಿಗೆ ತೆಳು ಗೆರೆ ಉಳಿದರೆ ಅದು ಬಾರ್ಡರ್. ವಿನ್‌ಯುಐ 2.6ರಿಂದ ಈಚೆಗೆ ಪುಟದ ಗ್ರಿಡ್‌ಗೆ ಎಡಕ್ಕೆ 1, ಮೇಲೆ 1 ದಪ್ಪದ ಬಾರ್ಡರ್, ಎಡ ಮೇಲ್ಮೂಲೆಗೆ 8ರ ದುಂಡು ಇರುತ್ತದೆ. ನ್ಯಾವಿಗೇಶನ್‌ವ್ಯೂಕಂಟೆಂಟ್‌ಗ್ರಿಡ್‌ಬಾರ್ಡರ್‌ಥಿಕ್‌ನೆಸ್ ಎಂಬ ರಿಸೋರ್ಸ್‌ಗೆ 0, ನ್ಯಾವಿಗೇಶನ್‌ವ್ಯೂಕಂಟೆಂಟ್‌ಗ್ರಿಡ್‌ಕಾರ್ನರ್‌ರೇಡಿಯಸ್‌ಗೆ 0 ಕೊಟ್ಟರೆ ಎರಡೂ ಹೋಗುತ್ತವೆ. ಅಪ್ಲಿಕೇಶನ್ ಮಟ್ಟದಲ್ಲಿ ಬರೆಯುವುದಾದರೆ ಮರ್ಜ್ಡ್ ಡಿಕ್ಷನರಿಗಳಲ್ಲಿ ಜಾಮ್ಲ್‌ಕಂಟ್ರೋಲ್ಸ್‌ರಿಸೋರ್ಸಸ್ ಮೊದಲು ಬರಬೇಕು, ನಿಮ್ಮದು ಆಮೇಲೆ. ಅದಲುಬದಲಾದರೆ ಎರರ್ ಏನೂ ಬರುವುದಿಲ್ಲ, ಗೆರೆಯೂ ಹೋಗುವುದಿಲ್ಲ.

ಇಡೀ ಟೆಂಪ್ಲೇಟ್ ನಕಲು ಮಾಡಿಕೊಂಡು ನೆರಳಿನ ಸಾಲನ್ನು ಅಳಿಸುವ ಸಲಹೆಯೂ ಚಾಲ್ತಿಯಲ್ಲಿದೆ. ಕೆಲಸ ಆಗುತ್ತದೆ. ಆದರೆ ನೂರಾರು ಸಾಲಿನ ಆ ಟೆಂಪ್ಲೇಟನ್ನು ಪ್ರತಿ ಹೊಸ ಆವೃತ್ತಿಗೂ ಹೊಂದಿಸುತ್ತ ಕೂರಬೇಕು. ಒಂದು ನೆರಳಿಗಾಗಿ ಅಷ್ಟು ದುಬಾರಿ ಬಾಡಿಗೆ ಕೊಡಬೇಕಿಲ್ಲ.

ಪ್ರಶ್ನೆ: ಡಬ್ಲ್ಯುಪಿಎಫ್ ಅಪ್ಲಿಕೇಶನ್‌ನ ಎಡ ಪ್ಯಾನೆಲ್‌ಗೆ ಡ್ರಾಪ್‌ಶ್ಯಾಡೋಎಫೆಕ್ಟ್ ಇದೆ. ಪ್ಯಾನೆಲ್ ಒಳಗಿನ ಅಕ್ಷರಗಳೆಲ್ಲ ಮಸುಕು. ಒಪಾಸಿಟಿ ಸೊನ್ನೆ ಮಾಡಿದರೆ ನೆರಳು ಕಾಣುವುದಿಲ್ಲ, ಮಸುಕು ಮಾತ್ರ ಹಾಗೇ ಇದೆ.
(ಮೈಸೂರಿನ ಓದುಗರು)

ಉತ್ತರ: ಒಪಾಸಿಟಿ ಸೊನ್ನೆ ಮಾಡಿದರೆ ಎಫೆಕ್ಟ್ ಹೋಗುವುದಿಲ್ಲ, ಅದು ಬಿಡಿಸುವ ನೆರಳಷ್ಟೇ ಮಾಯವಾಗುತ್ತದೆ. ಒಂದು ಬಾರ್ಡರ್‌ಗೆ ಎಫೆಕ್ಟ್ ಹಾಕಿದರೆ ಡಬ್ಲ್ಯುಪಿಎಫ್ ಆ ಬಾರ್ಡರನ್ನೂ ಅದರೊಳಗಿನ ಎಲ್ಲವನ್ನೂ ಮೊದಲು ಒಂದು ಬಿಟ್‌ಮ್ಯಾಪ್ ಆಗಿ ಬಿಡಿಸಿಕೊಂಡು ಆಮೇಲೆ ಎಫೆಕ್ಟ್ ಹಚ್ಚುತ್ತದೆ. ಆ ಹಂತದಲ್ಲಿ ಅಕ್ಷರಗಳನ್ನು ಚೂಪಾಗಿ ತೋರಿಸುವ ಕ್ಲಿಯರ್‌ಟೈಪ್ ಎಂಬ ತಂತ್ರ ಕಳಚಿಹೋಗುತ್ತದೆ. ಕನ್ನಡದ ಒತ್ತಕ್ಷರಗಳಲ್ಲಿ ಇದು ಬೇಗ ಎದ್ದು ಕಾಣುತ್ತದೆ, 12ರ ಅಳತೆಯಲ್ಲಿ 'ಷ್ಟ್ರ' ಒಂದು ಕಪ್ಪು ಚುಕ್ಕೆಯಾದೀತು.

ಹಾಗಾಗಿ 'ಎಫೆಕ್ಟ್' ಗುಣಲಕ್ಷಣಕ್ಕೇ ಎಕ್ಸ್‌-ನಲ್ ಕೊಡಿ. ಎಫೆಕ್ಟ್ ಯಾವುದೋ ಸ್ಟೈಲ್‌ನಿಂದ ಬಂದಿದ್ದರೂ ಕಂಟ್ರೋಲ್‌ನ ಮೇಲೆ ನೇರವಾಗಿ ಬರೆದ ಬೆಲೆ ಸ್ಟೈಲನ್ನು ಮೀರುತ್ತದೆ. ಎರಡು ಕಡೆ ಮಾತ್ರ ಮೀರುವುದಿಲ್ಲ. ಒಂದು, ನೆರಳು ಟೆಂಪ್ಲೇಟ್‌ನ ಒಳಗಿನ ಬಾರ್ಡರ್‌ಗೆ ಇದ್ದಾಗ. ಹೊರಗಿನ ಕಂಟ್ರೋಲ್‌ಗೆ ಬರೆದದ್ದು ಒಳಗೆ ತಲುಪುವುದೇ ಇಲ್ಲ. ಇನ್ನೊಂದು, ಸ್ಟೋರಿಬೋರ್ಡ್ ಆ ಗುಣಲಕ್ಷಣವನ್ನೇ ಆಡಿಸುತ್ತಿದ್ದಾಗ. ಅನಿಮೇಶನ್ ಬೆಲೆಗೆ ನೇರವಾಗಿ ಬರೆದ ಬೆಲೆಗಿಂತ ಮೇಲಿನ ಸ್ಥಾನ. ಯಾವುದೆಂದು ತಿಳಿಯಲು ಸ್ನೂಪ್ ಎಂಬ ಉಚಿತ ಉಪಕರಣವನ್ನು ಓಡುತ್ತಿರುವ ಅಪ್ಲಿಕೇಶನ್‌ಗೆ ಜೋಡಿಸಿ, ಕಂಟ್ರೋಲ್ ಮತ್ತು ಶಿಫ್ಟ್ ಕೀಲಿಗಳನ್ನು ಒತ್ತಿಹಿಡಿದು ಪ್ಯಾನೆಲ್ ಮೇಲೆ ಮೌಸ್ ಇಡಿ. ಎಫೆಕ್ಟ್‌ನ ಬೆಲೆ ಎಲ್ಲಿಂದ ಬಂತೆಂದು ಅದೇ ತೋರಿಸುತ್ತದೆ.

ಮೆಟೀರಿಯಲ್ ಡಿಸೈನ್ ಇನ್ ಜಾಮ್ಲ್ ಲೈಬ್ರರಿ ಬಳಸುತ್ತಿದ್ದರೆ ಎಫೆಕ್ಟ್ ಹುಡುಕುವ ಮೊದಲು ಎಲಿವೇಶನ್‌ಅಸಿಸ್ಟ್.ಎಲಿವೇಶನ್‌ಗೆ ಡಿಪಿ0 ಕೊಟ್ಟು ನೋಡಿ. ಎಲಿವೇಶನ್ ಎಂದರೆ ನೆರಳನ್ನು ನಿರ್ಧರಿಸುವ ಎತ್ತರ. ಹಳೆಯ ಆವೃತ್ತಿಗಳಲ್ಲಿ ಅದು ಶ್ಯಾಡೋಅಸಿಸ್ಟ್.ಶ್ಯಾಡೋಡೆಪ್ತ್, ಬೆಲೆ ಡೆಪ್ತ್0.

ನೆರಳು ಬೇಕು, ಅಕ್ಷರವೂ ಚೂಪಾಗಿರಬೇಕು ಎಂದಾದರೆ ಒಂದೇ ಗ್ರಿಡ್ ಕೋಶದಲ್ಲಿ ಎರಡು ಬಾರ್ಡರ್ ಇಡಿ. ಹಿಂದಿನದು ಖಾಲಿ, ಎಫೆಕ್ಟ್ ಅದಕ್ಕೆ. ಮುಂದಿನದರಲ್ಲಿ ಮೆನು, ಅದಕ್ಕೆ ಎಫೆಕ್ಟ್ ಇಲ್ಲ.

ಪ್ರಶ್ನೆ: ಕ್ಯೂಟಿ ವಿಜೆಟ್ಸ್‌ನಲ್ಲಿ ಸ್ಟೈಲ್‌ಶೀಟ್‌ಗೆ 'ಬಾಕ್ಸ್-ಶ್ಯಾಡೋ: ನನ್' ಬರೆದರೂ ಸೈಡ್‌ಬಾರ್ ಪಟ್ಟಿಯ ಸುತ್ತ ತಗ್ಗಿದಂತಹ ನೆರಳು ಉಳಿದಿದೆ.
(ಮಂಗಳೂರಿನ ಓದುಗರು)

ಉತ್ತರ: ಕ್ಯೂಟಿಯ ಸ್ಟೈಲ್‌ಶೀಟ್ ನೋಡಲು ಸಿಎಸ್‌ಎಸ್‌ನಂತಿದ್ದರೂ ಬಾಕ್ಸ್-ಶ್ಯಾಡೋ ಅದಕ್ಕೆ ಗೊತ್ತಿಲ್ಲ. ಕನ್ಸೋಲ್ ನೋಡಿದರೆ ಅಪರಿಚಿತ ಗುಣಲಕ್ಷಣ ಎಂಬ ಎಚ್ಚರಿಕೆ ಬಿದ್ದಿರುತ್ತದೆ.

'ತಗ್ಗಿದಂತಹ' ಎಂದು ನೀವು ಬರೆದದ್ದರಲ್ಲೇ ಉತ್ತರವಿದೆ. ಕ್ಯೂಲಿಸ್ಟ್‌ವ್ಯೂ, ಕ್ಯೂಟ್ರೀವ್ಯೂ, ಕ್ಯೂಸ್ಕ್ರಾಲ್‌ಏರಿಯಾ ಇವೆಲ್ಲ ಕ್ಯೂಫ್ರೇಮ್‌ನ ಮಕ್ಕಳು. ಹುಟ್ಟುವಾಗಲೇ 'ಸ್ಟೈಲ್ಡ್‌ಪ್ಯಾನೆಲ್' ಆಕಾರ, 'ಸಂಕನ್' ನೆರಳು ಹೊತ್ತು ಬರುತ್ತವೆ. ಸೆಟ್‌ಫ್ರೇಮ್‌ಶೇಪ್‌ಗೆ ಕ್ಯೂಫ್ರೇಮ್‌ನ 'ನೋಫ್ರೇಮ್' ಕೊಟ್ಟರೆ ಆಯಿತು. ಫ್ರೇಮ್ ಹೋದ ಮೇಲೂ ಪ್ಯಾನೆಲ್ ಮತ್ತು ಪುಟದ ನಡುವೆ ಪಟ್ಟಿ ಕಂಡರೆ ಅದು ಕ್ಯೂಸ್ಪ್ಲಿಟರ್‌ನ ಹಿಡಿಕೆ. ಸೆಟ್‌ಹ್ಯಾಂಡಲ್‌ವಿಡ್ತ್‌ಗೆ 1 ಕೊಡಿ. ಡಾಕ್ ವಿಜೆಟ್ ಆಗಿದ್ದರೆ ಸ್ಟೈಲ್‌ಶೀಟ್‌ನಲ್ಲಿ ಕ್ಯೂಮೇನ್‌ವಿಂಡೋದ 'ಸೆಪರೇಟರ್'ಗೆ ಅಗಲ ಮತ್ತು ಬಣ್ಣ ಬರೆಯಿರಿ.

ನಿಜವಾದ ಮಬ್ಬು ನೆರಳಾಗಿದ್ದರೆ ಯಾರೋ ಕ್ಯೂಗ್ರಾಫಿಕ್ಸ್‌ಡ್ರಾಪ್‌ಶ್ಯಾಡೋಎಫೆಕ್ಟ್ ಹಚ್ಚಿದ್ದಾರೆ. ಬಲಕ್ಕೂ ಕೆಳಕ್ಕೂ 8 ಪಿಕ್ಸೆಲ್ ಸರಿದ, ಅಂಚು ಮಬ್ಬಾಗದ ಬೂದು ಪಟ್ಟಿ ಕಂಡರೆ ಖಚಿತ. ಸರಿತ 8, ಮಬ್ಬಿನ ತ್ರಿಜ್ಯ 1, ಇವು ಅದರ ಮೂಲ ಬೆಲೆಗಳು, ಹಚ್ಚಿದವರು ಬದಲಿಸಲು ಮರೆತಿದ್ದಾರೆ. ಸೆಟ್‌ಗ್ರಾಫಿಕ್ಸ್‌ಎಫೆಕ್ಟ್‌ಗೆ ನಲ್‌ಪಿಟಿಆರ್ ಕೊಡಿ. ಹಳೆಯ ಎಫೆಕ್ಟನ್ನು ಕ್ಯೂಟಿಯೇ ಅಳಿಸುತ್ತದೆ, ನೀವು ಪುನಃ ಡಿಲೀಟ್ ಮಾಡಲು ಹೋದರೆ ಅಪ್ಲಿಕೇಶನ್ ಬೀಳುತ್ತದೆ. ಒಂದು ವಿಜೆಟ್‌ಗೆ ಒಂದೇ ಎಫೆಕ್ಟ್ ಎಂಬುದೂ ನೆನಪಿರಲಿ. ಪ್ಯಾನೆಲನ್ನು ನಿಧಾನವಾಗಿ ಮಾಯ ಮಾಡಲು ಒಪಾಸಿಟಿ ಎಫೆಕ್ಟ್ ಹಾಕಿದ ಕೂಡಲೇ ನೆರಳಿನ ಎಫೆಕ್ಟ್ ತಾನಾಗಿ ಹೋಗಿರುತ್ತದೆ.

ಕ್ಯೂಟಿ ಕ್ವಿಕ್‌ನ ಡ್ರಾಯರ್ (ಅಂಚಿನಿಂದ ಸರಿದು ಬರುವ ಪ್ಯಾನೆಲ್) ಬೇರೆ ಕಥೆ. ಮೆಟೀರಿಯಲ್ ಸ್ಟೈಲ್‌ನಲ್ಲಿ ಅದಕ್ಕೆ ಮೊದಲೇ ಎಲಿವೇಶನ್ ಇರುತ್ತದೆ. ಮೆಟೀರಿಯಲ್.ಎಲಿವೇಶನ್‌ಗೆ 0 ಬರೆಯಿರಿ. ಹಿಂದಿನ ಪುಟ ಮಂಕಾಗುವುದನ್ನೂ ನಿಲ್ಲಿಸಬೇಕಾದರೆ 'ಡಿಮ್' ಅನ್ನು ಫಾಲ್ಸ್ ಮಾಡಿ.

ಪ್ರಶ್ನೆ: ಫ್ಲಟರ್ ಡೆಸ್ಕ್‌ಟಾಪ್‌ನಲ್ಲಿ ನ್ಯಾವಿಗೇಶನ್‌ರೇಲ್‌ಗೆ ಎಲಿವೇಶನ್ 0 ಕೊಟ್ಟರೆ ಕೆಂಪು ಎರರ್ ಪರದೆ ಬರುತ್ತದೆ.
(ಬೆಂಗಳೂರಿನ ಓದುಗರು)

ಉತ್ತರ: ಅಲ್ಲೊಂದು ಅಸರ್ಟ್ (ಬೆಲೆ ಸರಿಯಿದೆಯೇ ಎಂದು ನೋಡುವ ತಪಾಸಣೆ) ಇದೆ: ಎಲಿವೇಶನ್ ಒಂದೋ ನಲ್ ಆಗಿರಬೇಕು, ಇಲ್ಲವೇ ಸೊನ್ನೆಗಿಂತ ಹೆಚ್ಚಿರಬೇಕು. ಸೊನ್ನೆ ಕೊಟ್ಟರೆ ಅದು ಒಪ್ಪುವುದಿಲ್ಲ. ಡ್ರಾಯರ್‌ಗೆ ಸೊನ್ನೆ ನಡೆಯುತ್ತದೆ, ರೇಲ್‌ಗೆ ನಡೆಯುವುದಿಲ್ಲ. ಈ ತಾರತಮ್ಯ ಏಕೋ! ಎಲಿವೇಶನ್ ಸಾಲನ್ನೇ ಅಳಿಸಿಬಿಡಿ, ರೇಲ್‌ನ ಮೂಲ ಬೆಲೆಯೇ 0. ಅಳಿಸಿದರೂ ನೆರಳಿದ್ದರೆ ಥೀಮ್‌ಡೇಟಾದ ನ್ಯಾವಿಗೇಶನ್‌ರೇಲ್‌ಥೀಮ್‌ನಲ್ಲಿ ಯಾರಾದರೂ ಎಲಿವೇಶನ್ ಬರೆದಿದ್ದಾರೆಯೇ ನೋಡಿ. ಅಲ್ಲಿ 0 ಬರೆಯಬಹುದು.

ಡ್ರಾಯರ್ ತೆರೆದಾಗ ಹಿಂದೆ ಬರುವ ಕಪ್ಪು ಮಂಕು ನೆರಳಲ್ಲ. ಅದಕ್ಕೆ ಸ್ಕ್ಯಾಫೋಲ್ಡ್‌ನ ಡ್ರಾಯರ್‌ಸ್ಕ್ರಿಮ್‌ಕಲರ್ ಪಾರದರ್ಶಕ ಮಾಡಿ. ಪಟ್ಟಿ ಸ್ಕ್ರಾಲ್ ಮಾಡಿದಾಗ ಮಾತ್ರ ಮೇಲಿನ ಆಪ್‌ಬಾರ್ ಬಣ್ಣ ಬದಲಿಸುತ್ತಿದ್ದರೆ ಸ್ಕ್ರಾಲ್ಡ್‌ಅಂಡರ್‌ಎಲಿವೇಶನ್‌ಗೆ 0 ಕೊಡಿ. ಮೆಟೀರಿಯಲ್ 3ರಲ್ಲಿ ಅದು 3 ಇರುತ್ತದೆ.

ಪ್ರಶ್ನೆ: ಎಲೆಕ್ಟ್ರಾನ್ ಅಪ್ಲಿಕೇಶನ್. ಸೈಡ್‌ಬಾರ್ ಮುಚ್ಚಿದ ಮೇಲೂ ವಿಂಡೋದ ಎಡ ಅಂಚಿನಲ್ಲಿ ಮೇಲಿಂದ ಕೆಳಗೆ ಮಸಿ ಬಳಿದಂತೆ ನೆರಳು ಉಳಿಯುತ್ತದೆ. ಜತೆಗೆ, ಎಮ್‌ಯುಐ ಡ್ರಾಯರ್ ಇರುವ ಇನ್ನೊಂದು ಪುಟದಲ್ಲಿ ಎಲಿವೇಶನ್ 0 ಮಾಡಿದರೆ ಡಾರ್ಕ್ ಮೋಡ್‌ನಲ್ಲಿ ಡ್ರಾಯರ್‌ನ ಬಣ್ಣವೇ ಬದಲಾಯಿತು.
(ದಾವಣಗೆರೆಯ ಓದುಗರು)

ಉತ್ತರ: ಮೊದಲನೆಯದು ಕೈಯಾರೆ ಬರೆದ ಸೈಡ್‌ಬಾರ್‌ಗಳಲ್ಲಿ ಪದೇ ಪದೇ ಕಾಣುವ ತಪ್ಪು. ಮುಚ್ಚುವುದೆಂದರೆ ಟ್ರಾನ್ಸ್‌ಲೇಟ್‌ಎಕ್ಸ್ ಮೈನಸ್ 100% ಮಾಡಿ ಪ್ಯಾನೆಲನ್ನು ಪರದೆಯಾಚೆ ಸರಿಸಿರುತ್ತೀರಿ. ಪ್ಯಾನೆಲ್ ಸರಿಯಾಗಿ ತನ್ನ ಅಗಲದಷ್ಟೇ ಸರಿಯುತ್ತದೆ, ಅದರ ಬಲ ಅಂಚು ವಿಂಡೋದ ಎಡ ಅಂಚಿಗೆ ತಾಗಿ ನಿಲ್ಲುತ್ತದೆ. ಬಾಕ್ಸ್-ಶ್ಯಾಡೋದ ಮಬ್ಬು 20 ಪಿಕ್ಸೆಲ್ ಇದ್ದರೆ ಆ 20 ಪಿಕ್ಸೆಲ್ ಒಳಗೆ ಚಾಚಿಕೊಂಡೇ ಇರುತ್ತದೆ. ನೆರಳನ್ನು ಪ್ಯಾನೆಲ್‌ನ ಮೂಲ ಕ್ಲಾಸ್‌ನಿಂದ ತೆಗೆದು 'ತೆರೆದಿದೆ' ಎಂಬ ಕ್ಲಾಸ್‌ಗೆ ಮಾತ್ರ ಬರೆಯಿರಿ. ಅದಕ್ಕಿಂತ ಒಳ್ಳೆಯದು, ಮುಚ್ಚಿದ ಸ್ಥಿತಿಗೆ ವಿಸಿಬಿಲಿಟಿ ಹಿಡನ್ ಕೊಡುವುದು. ಆಗ ಮುಚ್ಚಿದ ಮೆನುವಿನ ಕೊಂಡಿಗಳಿಗೆ ಟ್ಯಾಬ್ ಕೀಲಿ ಹೋಗಿ ಕಳೆದುಹೋಗುವುದೂ ನಿಲ್ಲುತ್ತದೆ. ಸರಿಯುವ ಅನಿಮೇಶನ್ 200 ಮಿಲಿಸೆಕೆಂಡ್ ಇದ್ದರೆ, ಮುಚ್ಚುವಾಗ ವಿಸಿಬಿಲಿಟಿ ಬದಲಾವಣೆಗೂ 200 ಮಿಲಿಸೆಕೆಂಡ್ ವಿಳಂಬ ಇಡಿ. ಇಲ್ಲದಿದ್ದರೆ ಪ್ಯಾನೆಲ್ ಸರಿಯುವ ಬದಲು ಪಟ್ಟನೆ ಮಾಯವಾಗುತ್ತದೆ.

ಬಾಕ್ಸ್-ಶ್ಯಾಡೋ ತೆಗೆದರೂ ನೆರಳು ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಐ ಒತ್ತಿ ಡೆವ್‌ಟೂಲ್ಸ್ ತೆರೆಯಿರಿ. ಪ್ಯಾನೆಲ್‌ನ 'ಬಿಫೋರ್', 'ಆಫ್ಟರ್' ಹುಸಿ ಎಲಿಮೆಂಟ್‌ಗಳಲ್ಲಿ ಗ್ರೇಡಿಯಂಟ್ ಇದೆಯೇ, 'ಫಿಲ್ಟರ್'ನಲ್ಲಿ ಡ್ರಾಪ್-ಶ್ಯಾಡೋ ಇದೆಯೇ ನೋಡಿ. ಹೆಚ್ಚಾಗಿ ಇವೆರಡರಲ್ಲಿ ಒಂದು.

ಎಮ್‌ಯುಐ ವಿಷಯ: ಡಾರ್ಕ್ ಮೋಡ್‌ನಲ್ಲಿ ನೆರಳು ಕಾಣುವುದು ಕಷ್ಟ, ಹಾಗಾಗಿ ಪೇಪರ್ (ಡ್ರಾಯರ್‌ನ ಹಾಳೆಯಂಥ ಮೈ) ಎತ್ತರವಾದಷ್ಟೂ ಅದರ ಮೇಲೆ ತೆಳು ಬಿಳಿ ಗ್ರೇಡಿಯಂಟ್ ಹಚ್ಚಿ ತಿಳಿಯಾಗಿಸುತ್ತಾರೆ. ತಾತ್ಕಾಲಿಕ ಡ್ರಾಯರ್‌ನ ಮೂಲ ಎಲಿವೇಶನ್ 16. ಅದನ್ನು 0 ಮಾಡಿದರೆ ನೆರಳಿನ ಜತೆ ಆ ತಿಳಿಬಣ್ಣವೂ ಹೋಗುತ್ತದೆ. ಬಣ್ಣ ಉಳಿಸಿಕೊಂಡು ನೆರಳು ಮಾತ್ರ ತೆಗೆಯಲು ಎಲಿವೇಶನ್ ಮುಟ್ಟದೆ, ಒಳಗಿನ ಪೇಪರ್‌ಗೆ ಬಾಕ್ಸ್‌ಶ್ಯಾಡೋ 'ನನ್' ಕೊಡಿ. ಉಲ್ಟಾ ಬೇಕಾದರೆ ಬ್ಯಾಕ್‌ಗ್ರೌಂಡ್‌ಇಮೇಜ್ 'ನನ್'.

ಪ್ರಶ್ನೆ: ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ಗೆ ಲಿಬ್‌ಅಡ್ವೈಟಾದಲ್ಲಿ ಬರೆದ ಅಪ್ಲಿಕೇಶನ್. ಸೈಡ್‌ಬಾರ್‌ನ ಹೆಡರ್ ಕೆಳಗೆ ಪಟ್ಟಿ ಸ್ಕ್ರಾಲ್ ಆದಾಗ ಮಬ್ಬು ಬರುತ್ತದೆ. ಮ್ಯಾಕ್‌ಓಎಸ್ ಆವೃತ್ತಿಯಲ್ಲೂ ಅದೇ ಗೋಳು.
(ಪುಣೆಯ ಕನ್ನಡಿಗ ಓದುಗರು)

ಉತ್ತರ: ಗ್ನೋಮ್‌ನಲ್ಲಿ ಅದರ ಹೆಸರು 'ಅಂಡರ್‌ಶೂಟ್'. ಮೇಲೆ ಇನ್ನೂ ಸಾಲುಗಳಿವೆ ಎಂಬ ಸೂಚನೆ. ಟೂಲ್‌ಬಾರ್‌ವ್ಯೂನ ಟಾಪ್-ಬಾರ್-ಸ್ಟೈಲ್ 'ರೈಸ್ಡ್' ಇದ್ದರೆ ಮೊದಲು ಅದನ್ನು 'ಫ್ಲ್ಯಾಟ್' ಮಾಡಿ, ಹೆಡರ್‌ನ ಸ್ಥಿರ ನೆರಳು ಹೋಗುತ್ತದೆ. ಸ್ಕ್ರಾಲ್ ಮಬ್ಬಿಗೆ ಸಿಎಸ್‌ಎಸ್‌ನಲ್ಲಿ ಸ್ಕ್ರಾಲ್ಡ್‌ವಿಂಡೋದ ಅಂಡರ್‌ಶೂಟ್ ನೋಡ್‌ಗೆ ಬ್ಯಾಕ್‌ಗ್ರೌಂಡ್ ಮತ್ತು ಬಾಕ್ಸ್-ಶ್ಯಾಡೋ ಎರಡನ್ನೂ 'ನನ್' ಮಾಡಿ. ಸಿಎಸ್‌ಎಸ್ ಅನ್ನು 'ಅಪ್ಲಿಕೇಶನ್' ಆದ್ಯತೆಯಲ್ಲಿ ಸೇರಿಸಿ. ಅದರ ಬೆಲೆ 600, ಥೀಮ್‌ನದು 200. ನೋಡ್ ಹೆಸರು ಹುಡುಕಲು ಕಂಟ್ರೋಲ್, ಶಿಫ್ಟ್, ಡಿ ಒತ್ತಿದರೆ ಇನ್‌ಸ್ಪೆಕ್ಟರ್ ತೆರೆಯುತ್ತದೆ.

ಮ್ಯಾಕ್‌ನಲ್ಲಿ 2020ರ ಮ್ಯಾಕ್‌ಓಎಸ್ 11ರಿಂದ ಟೈಟಲ್‌ಬಾರ್‌ಸೆಪರೇಟರ್‌ಸ್ಟೈಲ್ ಇದೆ. ಸೈಡ್‌ಬಾರ್‌ನ ಎನ್‌ಎಸ್‌ಸ್ಪ್ಲಿಟ್‌ವ್ಯೂಐಟಂಗೆ 'ನನ್' ಕೊಡಿ. ಫಲ ಕಾಣದಿದ್ದರೆ ಎನ್‌ಎಸ್‌ವಿಂಡೋದಲ್ಲಿ ಅದೇ ಗುಣಲಕ್ಷಣಕ್ಕೆ 'ಆಟೋಮ್ಯಾಟಿಕ್' ಬಿಟ್ಟು ಬೇರೇನೋ ಬರೆದಿದ್ದೀರಿ. ವಿಂಡೋದ ಮಾತು ಮೇಲಾಗುತ್ತದೆ.

ಪ್ರಶ್ನೆ: ನಾನು ಕೋಡ್ ಬರೆಯುವವಳು, ಇಂಟರ್‌ಫೇಸ್ ಮಾಡುವವಳಲ್ಲ. ವಿಎಸ್ ಕೋಡ್‌ನ ಫೈಲ್ ಪಟ್ಟಿಯ ಮೇಲ್ತುದಿಯಲ್ಲಿ ಬರುವ ಕಪ್ಪು ನೆರಳು ತೆಗೆಯಬಹುದೇ? ವಿಂಡೋಸ್‌ನಲ್ಲಿ 'ವಿಂಡೋಗಳ ಕೆಳಗಿನ ನೆರಳು' ಆಯ್ಕೆ ತೆಗೆದೆ, ಏನೂ ಆಗಲಿಲ್ಲ.
(ಧಾರವಾಡದ ಓದುಗರು)

ಉತ್ತರ: ವಿಂಡೋಸ್‌ನ ಆ ಆಯ್ಕೆ ಡೆಸ್ಕ್‌ಟಾಪ್ ಮೇಲಿನ ವಿಂಡೋಗಳ ಸುತ್ತಲಿನ ನೆರಳಿಗೆ ಸಂಬಂಧಿಸಿದ್ದು. ಅಪ್ಲಿಕೇಶನ್ ತನ್ನೊಳಗೆ ತಾನೇ ಬಿಡಿಸಿಕೊಳ್ಳುವ ನೆರಳು ಅದರ ಕೈಗೆ ಸಿಗುವುದಿಲ್ಲ. ಮತ್ತೆ ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದರ ಮೇಲೊಂದು ಬಿಳಿ ವಿಂಡೋ ಬಿದ್ದಾಗ ಅಂಚು ಗೊತ್ತಾಗುವುದಿಲ್ಲ.

ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ ಒತ್ತಿ ಬಳಕೆದಾರರ ಸೆಟ್ಟಿಂಗ್ಸ್‌ನ ಜೇಸನ್ ಕಡತ ತೆರೆಯಿರಿ. ವರ್ಕ್‌ಬೆಂಚ್.ಕಲರ್‌ಕಸ್ಟಮೈಸೇಶನ್ಸ್ ಎಂಬ ಗುಂಪಿನೊಳಗೆ ಸ್ಕ್ರಾಲ್‌ಬಾರ್.ಶ್ಯಾಡೋಗೆ ಹ್ಯಾಶ್ ಚಿಹ್ನೆ ಹಾಕಿ ಎಂಟು ಸೊನ್ನೆ ಬರೆಯಿರಿ. ಆರಲ್ಲ, ಎಂಟು. ಕೊನೆಯ ಎರಡು ಸೊನ್ನೆ ಪಾರದರ್ಶಕತೆಯವು. ಆರು ಸೊನ್ನೆಗೆ ನಿಲ್ಲಿಸಿದರೆ ಅಪ್ಪಟ ಕಪ್ಪು ಎಂದರ್ಥವಾಗಿ ನೆರಳು ಇನ್ನಷ್ಟು ಗಾಢವಾಗುತ್ತದೆ. ಉಳಿಸಿದ ಕೂಡಲೇ ಬದಲಾವಣೆ ಕಾಣುತ್ತದೆ, ಮರುಪ್ರಾರಂಭ ಬೇಕಿಲ್ಲ.

ಸ್ಕ್ರಾಲ್ ಮಾಡುವಾಗ ಮೇಲಿನ ಫೋಲ್ಡರ್ ಹೆಸರುಗಳು ತುದಿಗೆ ಅಂಟಿಕೊಂಡು ನಿಂತು, ಅವುಗಳ ಕೆಳಗೆ ನೆರಳು ಬರುತ್ತಿದ್ದರೆ ಅದರ ಹೆಸರು ಬೇರೆ, ಸೈಡ್‌ಬಾರ್‌ಸ್ಟಿಕಿಸ್ಕ್ರಾಲ್.ಶ್ಯಾಡೋ. ಅದಕ್ಕೂ ಅದೇ ಎಂಟು ಸೊನ್ನೆ. ಹೆಸರು ಅಂಟಿಕೊಳ್ಳುವುದೇ ಬೇಡವೆಂದರೆ ವರ್ಕ್‌ಬೆಂಚ್.ಟ್ರೀ.ಎನೇಬಲ್‌ಸ್ಟಿಕಿಸ್ಕ್ರಾಲ್ ಅನ್ನು ಫಾಲ್ಸ್ ಮಾಡಿ. ಒಂದು ಥೀಮ್‌ಗೆ ಮಾತ್ರ ಈ ಬದಲಾವಣೆ ಬೇಕಾದರೆ ಚೌಕ ಆವರಣದಲ್ಲಿ ಆ ಥೀಮ್‌ನ ಹೆಸರು ಬರೆದು, ಅದರೊಳಗೆ ಈ ಸಾಲುಗಳನ್ನು ಇಡಿ.